ಮೂರನೆಯ ಕೂಗು

ನನ್ನ ತಮ್ಮನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಓದುವವರು ಯಾರಾದರೂ ಬಾಯಿಬಿಟ್ಟು ಓದಿಬಿಟ್ಟರೆ ಎಂಬ ಭಯ. ನಗುವವರು ನಗಲಿ. ಇಪ್ಪತ್ತಾರು ವರ್ಷ ಕೋರ್ಟಿನ ಬಾಗಿಲಲ್ಲಿ ನಿಂತು ಜನರ ಹೆಸರು ಕೂಗಿದವನು ನಾನು. ಹೆಸರು ಏನೇನು ಮಾಡುತ್ತದೆ ಎಂಬುದು ಅವರಿಗಿಂತ ನನಗೆ ಚೆನ್ನಾಗಿ ಗೊತ್ತು.

ಕೆಲಸ ಇಷ್ಟೇ. ಗುಮಾಸ್ತ ಒಳಗಿನಿಂದ ಚೀಟಿ ಕೊಡುತ್ತಾನೆ. ನಾನು ಹೊಸ್ತಿಲ ಮೇಲೆ ನಿಂತು, ಉದ್ದನೆಯ ಪಡಸಾಲೆಯ ಕಡೆ ಮುಖ ಮಾಡಿ, ಹೆಸರನ್ನು ಮೂರು ಸಲ ಕೂಗಬೇಕು. ಮೂರಕ್ಕೂ ಬಾರದಿದ್ದರೆ ಜಡ್ಜರು ‘ಗೈರುಹಾಜರು’ ಎನ್ನುತ್ತಾರೆ. ಅಂದಮೇಲೆ ಮುಗಿಯಿತು, ಆ ಮನುಷ್ಯ ಮೆಟ್ಟಿಲ ಬುಡದಲ್ಲಿ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದರೂ ಅಲ್ಲಿಲ್ಲ. ಅದೇ ಮಾತನ್ನು ನಾನು ದಿನಕ್ಕೆ ನೂರು ಸಲ ಅಂದರೂ ಒಂದು ನೊಣವೂ ಏಳುವುದಿಲ್ಲ. ಜಡ್ಜರ ಕುರ್ಚಿಯಿಂದ ಬಂದರೆ ಸಂಸಾರಗಳೇ ಮುರಿಯುತ್ತವೆ. ಹಾಗೆಯೇ ಜಡ್ಜರು ಎಷ್ಟು ಅರಚಿದರೂ ಅದು ಕೂಗಲ್ಲ. ನಾನು ಕೂಗಿದರೆ ಮಾತ್ರ ಕೂಗು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಮ್ಮಲ್ಲಿ ಆಡಿದ ಮಾತು ಎಲ್ಲಿಗೂ ಹೋಗುವುದಿಲ್ಲ, ಕಡತದೊಳಗೆ ಕೂತುಬಿಡುತ್ತದೆ.

ತಮ್ಮ ಚಿಕ್ಕಂದಿನಿಂದಲೂ ಮೂರನೆಯ ಕೂಗಿನವನು. ಸಂಜೆ ಅಮ್ಮ ಬಾಗಿಲಲ್ಲಿ ನಿಂತು ಕರೆದರೆ ಮೊದಲ ಎರಡನ್ನು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಮೂರನೆಯದು ಮುಗಿಯುವಷ್ಟರಲ್ಲಿ ಎಲ್ಲಿದ್ದರೂ ಬಂದು ನಿಂತಿರುತ್ತಿದ್ದ. ಒಮ್ಮೆ ಅವನು ನಾಲ್ಕು ಬೀದಿಯಾಚೆ ಆಡುತ್ತಿದ್ದುದನ್ನು ನಾನೇ ನೋಡಿ ಮನೆಗೆ ಬಂದಿದ್ದೆ. ಅಮ್ಮ ಆಗಲೇ ಕರೆಯುತ್ತಿದ್ದಳು. ಮೂರನೆಯ ಕೂಗಿಗೆ ಅವನು ಹಿತ್ತಲ ಬಾಗಿಲಲ್ಲಿ ‘ಬಂದೆ’ ಅಂದ. ಮೈಮೇಲೆ ಒಂದು ಹನಿ ಬೆವರಿರಲಿಲ್ಲ. ಹೇಗೆ ಬಂದೆಯೋ ಎಂದು ಕೇಳಿದರೆ, ಕರೆದರಲ್ಲ ಅಂದ. ನನಗೆ ಅವತ್ತಿನಿಂದ ಅವನ ಮೇಲೆ ಒಂದು ಅಂಜಿಕೆ.

ದೊಡ್ಡವನಾದ ಮೇಲೆ ಅವನು ಹೆಂಡತಿಯ ಬಲಗೈ ಮಣಿಕಟ್ಟನ್ನು ತಿರುಚಿ ಮುರಿದ. ಅದೇ ವಾರ ಮನೆ ಬಿಟ್ಟು ಹೋದ. ಒಂಬತ್ತು ವರ್ಷ ಸುದ್ದಿಯಿಲ್ಲ. ಅವಳು ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿ ಸೇರಿ, ಎಡಗೈಯಲ್ಲಿ ದಾರ ಬಿಗಿಯುವುದನ್ನು ಕಲಿತು, ತನ್ನ ಕಾಲ ಮೇಲೆ ತಾನು ನಿಂತಳು. ಈಗ ಗಡಿಯಾರ ರಿಪೇರಿಯವನೊಬ್ಬ ಮದುವೆಯಾಗುತ್ತೇನೆಂದು ಕೇಳಿದ್ದ. ಹತ್ತು ಮಾತಿನಲ್ಲಿ ಒಂಬತ್ತು ‘ಹೂಂ’ ಅನ್ನುವ ಸಾಧುಪ್ರಾಣಿ. ಅವಳಿಗೆ ಬೇಕಿದ್ದವನೂ ಅಂಥವನೇ. ಆದರೆ ಕಾನೂನಿನ ಲೆಕ್ಕದಲ್ಲಿ ಗಂಡ ಇನ್ನೂ ಬದುಕಿದ್ದ. ಅವಳು ಅರ್ಜಿ ಹಾಕಿದಳು, ಪತ್ರಿಕೆಯಲ್ಲಿ ಪ್ರಕಟಣೆ ಬಂತು. ಗೊತ್ತುಮಾಡಿದ ದಿನ ಮೂರು ಕೂಗಿಗೂ ಅವನು ಬಾರದಿದ್ದರೆ ಸತ್ತನೆಂದು ಜಡ್ಜರು ಘೋಷಿಸುತ್ತಾರೆ. ಬೇರೆಯವರ ಕೈಲಿ ಕೂಗಿಸಲೇ ಎಂದು ಗುಮಾಸ್ತ ಕೇಳಿದ. ಬೇಡ, ನಾನೇ ಕೂಗುತ್ತೇನೆ ಎಂದೆ.

ಬೆಳಿಗ್ಗೆ ಹನ್ನೊಂದು ಗಂಟೆ. ಪಡಸಾಲೆಯ ಬೆಂಚುಗಳ ತುಂಬ ಜನ. ಒಂದು ಸಲ ಕೂಗಿದೆ. ಎರಡನೆಯ ಸಲ ಕೂಗಿದೆ. ಪಡಸಾಲೆಯ ಕೊನೆಯಲ್ಲಿ, ತಿರುವಿನಾಚೆ, ಬೂಟೊಂದು ಕಿರುಗುಟ್ಟಿ ನಿಂತಿತು. ಯಾರೋ ಓಡಲು ಒಂದು ಕಾಲು ಮುಂದಿಟ್ಟು ಕಾಯುತ್ತಿದ್ದರು. ಮೂರನೆಯದಕ್ಕೆ ಬಾಯಿ ತೆರೆದೆ, ತುಟಿ ಆಡಿಸಿದೆ, ದನಿ ಹೊರಡಿಸಲಿಲ್ಲ.

ಒಳಗೆ ಹೋದಾಗ ಜಡ್ಜರು ತಲೆಯೆತ್ತದೆ ಕೇಳಿದರು, “ಮೂರು ಸಲ ಆಯ್ತಾ?”

“ಆಯ್ತು ಸ್ವಾಮಿ,” ಎಂದೆ.

ತಮ್ಮ ಸತ್ತ. ಅಂದರೆ, ಜಡ್ಜರು ಹಾಗೆಂದರು. ಅವಳು ಬಲಗೈ ಮಣಿಕಟ್ಟನ್ನು ಹಿಡಿದುಕೊಂಡು ಅತ್ತಳು. ನನಗೆ ಪಶ್ಚಾತ್ತಾಪವೇನೂ ಆಗಲಿಲ್ಲ, ಸುಳ್ಳು ಯಾಕೆ ಹೇಳಲಿ.

ಆದರೆ ಮಾರನೆಯ ದಿನದಿಂದ ಯಾರದೇ ಹೆಸರನ್ನು ಮೂರನೆಯ ಸಲ ಕೂಗಿದರೂ ತಿರುವಿನಾಚೆ ಆ ಬೂಟು ಒಂದು ಹೆಜ್ಜೆ ಇಡುತ್ತಿತ್ತು. ತನ್ನ ಹೆಸರಲ್ಲವೆಂದು ತಿಳಿದು ಹಿಂದೆ ಸರಿಯುತ್ತಿತ್ತು. ಆಸ್ಪತ್ರೆಯಲ್ಲಿ ತನ್ನ ಸರದಿ ಕಾಯುವವರು ಹಾಗೆಯೇ ಎದ್ದು ಕೂರುತ್ತಾರೆ. ಅವಳ ಮದುವೆ ಆಯಿತು. ಆಮೇಲೆ ಬೂಟಿನ ಸದ್ದು ಕೋರ್ಟಿನಲ್ಲಿ ನಿಂತುಹೋಯಿತು. ಪೀಡೆ ತೊಲಗಿತು ಎಂದುಕೊಂಡೆ.

ತಿಂಗಳು ಕಳೆದು ಒಂದು ಭಾನುವಾರ ಮಧ್ಯಾಹ್ನ ಅವಳು ಹೇಳಿಕಳಿಸಿದಳು. ಹೋದೆ. ಗಡಿಯಾರದವನು ಮೇಜಿನ ಮುಂದೆ ಕೂತು, ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು, ಸಣ್ಣ ಚಿಮಟದಿಂದ ಏನೋ ಎತ್ತುತ್ತಿದ್ದ. ಅವಳು ಬಾಗಿಲ ಹೊರಗಿನ ಕಾಲೊರೆಸನ್ನು ತೋರಿಸಿದಳು. ಎರಡು ಬೂಟಿನ ಗುರುತು, ತುದಿ ಮನೆಯ ಕಡೆಗೆ. ದಿನಾ ಒರೆಸುತ್ತಾಳಂತೆ, ದಿನಾ ಮೂಡುತ್ತವಂತೆ. ಹಿಂದಿರುಗಿ ಹೋದ ಗುರುತು ಒಂದೂ ಇಲ್ಲ. ಬಾಗಿಲು ತಟ್ಟುವುದಿಲ್ಲ, ಸುಮ್ಮನೆ ನಿಂತಿರುತ್ತಾರೆ ಎಂದಳು. ಬಾಗಿಲು ಮುಚ್ಚಿ ಒಳಗಿನಿಂದ ಚಿಲಕ ಹಾಕಿ ನನ್ನೆದುರು ಕೂತಳು.

“ಭಾವ, ಅವತ್ತು ಮೂರು ಸಲಾನೂ ಕೂಗಿದ್ರಿ ತಾನೆ?”

“ಕೂಗಿದೆ ಕಣಮ್ಮ.”

“ನಾನು ಒಳಗೇ ಇದ್ದೆ. ನಂಗೆ ಎರಡೇ ಕೇಳಿಸ್ತು.”

ಗಂಟಲು ಕಟ್ಟಿತ್ತು, ಮೂರನೆಯದು ಮೆಲ್ಲಗೆ ಬಂತು ಎಂದೆ. ಅವಳು ನಂಬಲಿಲ್ಲ. ಗಡಿಯಾರದವನು ಚಿಮಟ ಕೆಳಗಿಟ್ಟ.

“ಹೇಗೆ ಕೂಗಿದ್ರಿ ಅಂತ ಹೇಳಿ ಭಾವ. ಒಂದ್ಸಲ ಕೇಳಿಸ್ಕೊಂಡ್ರೆ ನಂಗೆ ಸಮಾಧಾನ.”

ನಿಜ ಹೇಳಿದರೆ ಆ ಘೋಷಣೆ ಬಿದ್ದುಹೋಗುತ್ತದೆ, ಅದರ ಹಿಂದೆಯೇ ಅವಳ ಮದುವೆಯೂ ಬೀಳುತ್ತದೆ. ಹಿಡಿದ ಸುಳ್ಳನ್ನೇ ದಡ ಸೇರಿಸೋಣವೆಂದು ನಿರ್ಧರಿಸಿದೆ. ಹೀಗೆ ಕೂಗಿದೆನಮ್ಮ ಎಂದು ತೋರಿಸುವುದಕ್ಕೆ, ಅಷ್ಟಕ್ಕೆ ಮಾತ್ರ, ಅವನ ಹೆಸರು ಹೇಳಿದೆ. ಕರೆಯಬೇಕೆಂದಲ್ಲ. ಕರೆದದ್ದು ಹೇಗೆಂದು ಹೇಳಬೇಕೆಂದು. ಇಪ್ಪತ್ತಾರು ವರ್ಷದ ಗಂಟಲಿಗೆ ಆ ವ್ಯತ್ಯಾಸ ಗೊತ್ತಿರಲಿಲ್ಲ. ದನಿ ಹೊಸ್ತಿಲ ಮೇಲೆ ನಿಂತವನ ದನಿಯಾಗಿಯೇ ಹೊರಬಿತ್ತು, ಪೂರ್ತಿಯಾಗಿ, ಮೇಜಿನ ಮೇಲಿನ ಗಾಜುಗಳು ಅದುರುವಂತೆ.

ಅವಳ ಮುಖ ಒಂದು ಗಳಿಗೆ ತಿಳಿಯಾಯಿತು. ಆಮೇಲೆ ಅವಳು ಎಡಗೈಯಿಂದ ಬಲಗೈ ಮಣಿಕಟ್ಟನ್ನು ಮುಚ್ಚಿಕೊಂಡಳು.

“ಬಂದೆ, ಅಣ್ಣ,” ಎಂದಿತು ಬಾಗಿಲಾಚೆಯ ದನಿ. ಅಮ್ಮ ಕರೆದಾಗ ಹೇಳುತ್ತಿದ್ದಷ್ಟೇ ವಿಧೇಯವಾಗಿತ್ತು.

ಒಳಗಿನ ಚಿಲಕ ತಾನಾಗಿ ಸರಿಯತೊಡಗಿತು. ಗೈರುಹಾಜರು ಎಂದೆ. ಮತ್ತೆ ಎಂದೆ. ಮೂರನೆಯ ಸಲ ಪ್ರಾಣ ಹೋಗುವಂತೆ ಅರಚಿದೆ. ಚಿಲಕ ನಿಲ್ಲಲಿಲ್ಲ. ಆ ಮಾತು ಹೇಳಬೇಕಾದವನು ನಾನಲ್ಲ. ನನ್ನ ಕೆಲಸ ಕೂಗುವುದು, ಅಷ್ಟೇ.