ಇಸ್ತ್ರಿ ಹಾಕಿದ ನೆಲ

ಮಣ್ಣು ಅಳೆಯುವುದೆಂದರೆ ಒಂದು ಕಾಲದಲ್ಲಿ ನಾಲ್ಕು ಜನರ ಮೂರು ದಿನದ ಬೆವರು. ಟೇಪು, ಅಳತೆ ಕೋಲು, ಮೂರು ಕಾಲಿನ ಮೇಲೆ ಕೂತ ದುರ್ಬೀನು, ಜೊತೆಗೆ ‘ಇನ್ನೂ ಸ್ವಲ್ಪ ಎಡಕ್ಕೆ’ ಎಂದು ಕೂಗಿ ಕೂಗಿ ಕಟ್ಟಿದ ಗಂಟಲು. ಈಗ ಅದು ಇಪ್ಪತ್ತು ನಿಮಿಷದ ಕೆಲಸ. ಪ್ರತಿ ಸೋಮವಾರ ಬೆಳಿಗ್ಗೆ ಅಳತೆಗಾರ, ಕಂಪನಿ ಅಗೆಸುತ್ತಿದ್ದ ದೊಡ್ಡ ಗುಂಡಿಯ ಸುತ್ತ ಕಪ್ಪು-ಬಿಳಿ ಹಲಗೆಗಳನ್ನು ಗುರುತಿಗೆ ಇಟ್ಟು ಡ್ರೋನ್ ಹಾರಿಸುತ್ತಿದ್ದ. ಅದು ಉಳುವವನ ಹಾಗೆ ಸಾಲು ಹಿಡಿದು ಹೋಗಿ ಬಂದು ಐನೂರು ಫೋಟೋ ತೆಗೆಯುತ್ತಿತ್ತು. ಕಂಪ್ಯೂಟರು ಅವನ್ನೆಲ್ಲ ಹೊಲಿದು, ಉಬ್ಬುತಗ್ಗುಗಳ ಸಮೇತ ನೆಲವನ್ನೇ ಪರದೆಯ ಮೇಲೆ ತಂದಿಡುತ್ತಿತ್ತು. ಹೋದ ವಾರದ ನೆಲದಲ್ಲಿ ಈ ವಾರದ ನೆಲ ಕಳೆದರೆ ಎಷ್ಟು ಮಣ್ಣು ತೆಗೆದರೆಂಬ ಲೆಕ್ಕ ಸಿಗುತ್ತಿತ್ತು.

ಆ ಮಣ್ಣು ತೆಗೆಯುತ್ತಿದ್ದವನು ಅವನ ಭಾವ, ಅಕ್ಕನ ಗಂಡ. ಹಿಟಾಚಿ ಓಡಿಸುವುದರಲ್ಲಿ ಎತ್ತಿದ ಕೈ. ಆ ಕಬ್ಬಿಣದ ಬಕೆಟ್ಟಿನಲ್ಲಿ ನೆಲದ ಮೇಲಿನ ಬೆಂಕಿಪೊಟ್ಟಣವನ್ನೂ ಎತ್ತುತ್ತೇನೆ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದ, ಒಮ್ಮೆ ಎತ್ತಿಯೂ ತೋರಿಸಿದ್ದ.

“ಏನಪ್ಪಾ ಹದ್ದು, ಮೇಲಿಂದ ನೋಡಿ ನನ್ನ ಬಕ್ಕತಲೆ ಅಳತೆ ತಗೊಂಡ್ಯಾ?” ಎಂದು ಕೆಳಗಿನಿಂದ ಕೂಗುತ್ತಿದ್ದ.

“ಅದು ಫೋಟೋದಲ್ಲಿ ಮಿಂಚುತ್ತೆ ಭಾವ, ನಾಳೆಯಿಂದ ಟೋಪಿ ಹಾಕ್ಕೊಳಿ” ಎನ್ನುತ್ತಿದ್ದ ಇವನು.

ಅಳತೆಗಾರನಿಗೆ ತಾಯಿ ಹೋದಾಗ ಆರು ವರ್ಷ. ಸಾಕಿದವಳು ಅಕ್ಕ. ಅವಳು ಮದುವೆಯಾಗಿ ಹೋದಾಗ ಅವನೂ ಅವಳ ಪೆಟ್ಟಿಗೆಯ ಜೊತೆ ಇನ್ನೊಂದು ಪೆಟ್ಟಿಗೆಯಂತೆ ಹೋದ. ಭಾವ ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಓದಿಸಿದ, ಡ್ರೋನ್ ಪರೀಕ್ಷೆಗೆ ಕಟ್ಟಿಸಿದ, ಇದೇ ಕಂಪನಿಗೆ ಸೇರಿಸಿದ. ಕೆಲಸ ಸಿಕ್ಕ ಮೇಲೆ ಬೇರೆ ರೂಮು ಮಾಡಿದ್ದರೂ ಅವನಿಗೆ ಮನೆ ಎಂದು ಇದ್ದದ್ದು ಅದೊಂದೇ.

ಈಗ ಇಸ್ತ್ರಿಯ ವಿಷಯ ಹೇಳಬೇಕು. ಡ್ರೋನಿಗೆ ಹುಲ್ಲು ಯಾವುದು, ನೆಲ ಯಾವುದು ಎಂಬ ಭೇದವಿಲ್ಲ. ಗುಂಡಿಯ ಅಂಚಿನ ಪೊದೆ, ಕಲ್ಲು, ಹುಲ್ಲು ಎಲ್ಲವೂ ನಕ್ಷೆಯಲ್ಲಿ ಗಡ್ಡ ಬಿಟ್ಟಂತೆ ಕಾಣುತ್ತಿದ್ದವು. ದೊಡ್ಡ ಇಂಜಿನಿಯರಿಗೆ ಅದು ಆಗುತ್ತಿರಲಿಲ್ಲ. “ನಕ್ಷೆ ಮದುವೆಗೆ ಹೊರಟವನ ಅಂಗಿ ಥರ ಇರ್ಬೇಕ್ರೀ” ಎನ್ನುತ್ತಿದ್ದರು. ಅದಕ್ಕೆಂದೇ ಕಂಪ್ಯೂಟರಿನಲ್ಲಿ ಒಂದು ಬಟನ್ ಇತ್ತು. ಒತ್ತಿದರೆ ಒರಟೆಲ್ಲ ಹೋಗಿ ನೆಲ ನುಣ್ಣಗಾಗುತ್ತಿತ್ತು. ಆಫೀಸಿನವರು ಅದನ್ನು ಇಸ್ತ್ರಿ ಎನ್ನುತ್ತಿದ್ದರು. ಮಣ್ಣಿನ ಲೆಕ್ಕ ಅದರಿಂದ ಹೆಚ್ಚೂಕಡಿಮೆಯೇನೂ ಆಗದು. ಅಂಚಿನಲ್ಲಿ ಪೊದೆ ಹೆಚ್ಚೆಂದು ಅಲ್ಲಿಗೆ ಎರಡು ಸಲ ಒತ್ತುವುದು ಅಳತೆಗಾರನ ರೂಢಿ. ನುಣ್ಣಗಾದ ನಕ್ಷೆ ಮಂಗಳವಾರ ಡ್ರೈವರುಗಳ ಫೋನಿಗೆ ಹೋಗುತ್ತಿತ್ತು. ಎಲ್ಲಿ ಅಗೆಯಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಅವರು ಅದರಲ್ಲೇ ನೋಡುತ್ತಿದ್ದರು.

ಒಂದು ಶುಕ್ರವಾರ ಗುಂಡಿಯ ಉತ್ತರದ ಗೋಡೆ ಕುಸಿಯಿತು. ಬುಡದಲ್ಲಿ ಭಾವನ ಹಿಟಾಚಿ ಇತ್ತು. ಅವನನ್ನು ಹೊರಗೆ ತೆಗೆಯಲು ನಾಲ್ಕು ಗಂಟೆ ಹಿಡಿಯಿತು.

ಮರುದಿನ ಅಳತೆಗಾರನಿಗೇ ಕೆಲಸ ಬಂತು: ಬಿದ್ದ ಮಣ್ಣೆಷ್ಟು, ಅಳೆದು ಕೊಡು. ಭಾವನನ್ನು ಕೊಂದ ಮಣ್ಣು. ಅಳುತ್ತಲೇ ಡ್ರೋನ್ ಹಾರಿಸಿದ. ಇದೊಂದಾದರೂ ಕೂದಲೆಳೆಯಷ್ಟೂ ತಪ್ಪಬಾರದೆಂದು ಸೋಮವಾರದ ನೆಲವನ್ನು ಇಸ್ತ್ರಿಯಿಲ್ಲದೆ ತೆರೆದ. ಉತ್ತರದ ಅಂಚಿನಲ್ಲಿ ಹನ್ನೊಂದು ಮೀಟರು ಉದ್ದದ ಬಿರುಕಿತ್ತು. ಅದರಿಂದ ಗುಂಡಿಯ ಕಡೆಗಿದ್ದ ನೆಲ ನಾಲ್ಕು ಬೆರಳು ಇಳಿದಿತ್ತು. ಡ್ರೋನ್ ಕಂಡಿತ್ತು. ಕುಸಿಯುವ ನಾಲ್ಕು ದಿನ ಮುಂಚೆಯೇ ಕಂಡಿತ್ತು. ಪೊದೆಯೆಂದು ಅದನ್ನು ಎರಡು ಸಲ ಒತ್ತಿ ಅಳಿಸಿದ್ದು ಅವನದೇ ಬೆರಳು.

ಅವನು ಕಂಪ್ಯೂಟರು ಮುಚ್ಚಿದ, ಬಾಯಿಯನ್ನೂ ಮುಚ್ಚಿದ. ಹೇಳಿದರೆ ಅಕ್ಕ ಬಾಗಿಲು ಮುಚ್ಚುತ್ತಾಳೆಂಬ ಹೆದರಿಕೆ. ಆಫೀಸು ಮಾತ್ರ ಸುಮ್ಮನಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಹಾಗೆ ಡ್ರೈವರನೇ ಗೋಡೆಯ ಬುಡ ಕೆರೆದ, ಅದಕ್ಕೇ ಕುಸಿಯಿತು ಎಂದು ತೀರ್ಮಾನಿಸಿತು. ಸತ್ತವನು ಎದ್ದು ಬಂದು ಇಲ್ಲ ಎನ್ನುತ್ತಾನೆಯೇ? ಆ ಮಾತು ಬರೆದ ವರದಿಗೆ ನಾಳೆ ಸಹಿ ಬೀಳುವುದಿತ್ತು. ಸಹಿ ಬಿದ್ದರೆ ಭಾವನ ಹೆಸರು ಕೆಟ್ಟಂತೆಯೇ, ಅಕ್ಕನಿಗೆ ಬರುವ ಪರಿಹಾರವೂ ಹೋದಂತೆಯೇ. ಇಪ್ಪತ್ತು ದಿನ ಬಿಸಿತುಪ್ಪವನ್ನು ಬಾಯಲ್ಲಿಟ್ಟುಕೊಂಡು ತಿರುಗಿದ ಅಳತೆಗಾರ, ಮಧ್ಯಾಹ್ನ ಮೂರಕ್ಕೆ ಅಕ್ಕನ ಮನೆಗೆ ಹೋದ.

ಅಕ್ಕ ಅಡುಗೆಮನೆಯಲ್ಲಿ ಸಿಂಕಿನ ಕೆಳಗೆ ತಲೆ ತೂರಿಸಿ ಪೈಪು ಬಿಗಿಯುತ್ತಿದ್ದಳು. ಮುಖ ಕಾಣುತ್ತಿರಲಿಲ್ಲ.

“ಟಾರ್ಚ್ ಹಿಡ್ಕೊಳೋ ಸ್ವಲ್ಪ” ಎಂದಳು.

ಅವನು ಹಿಡಿದ. ಮುಖ ಕಾಣದಿರುವಾಗಲೇ ಹೇಳಿಬಿಡಬೇಕೆಂದು ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದ. ಬಿರುಕು, ನಾಲ್ಕು ಬೆರಳು, ಇಸ್ತ್ರಿ, ಎರಡು ಸಲ.

ಸ್ಪ್ಯಾನರಿನ ಸದ್ದು ನಿಂತಿತು. ಅಕ್ಕ ಮೆಲ್ಲಗೆ ಹೊರಗೆ ಬಂದು ನೆಲದ ಮೇಲೇ ಕೂತಳು.

“ಬಿರುಕಿನ ವಿಷಯ ನಂಗೆ ಗೊತ್ತು” ಎಂದಳು.

“ನಿಂಗೆ ಹೇಗೆ…?”

“ಅವತ್ತು ಬೆಳಿಗ್ಗೆ ಶೂ ಹಾಕ್ಕೊಳ್ತಾ ಹೇಳಿದ್ರು. ‘ನಿನ್ನೆ ಮೇಲೆ ಅಂಚಲ್ಲಿ ಬಿರುಕು ಬಿಟ್ಟ ಹಾಗೆ ಕಾಣ್ತು ಕಣೇ. ನಕ್ಷೆ ತೆಗೆದು ನೋಡ್ದೆ, ಏನೂ ಇಲ್ಲ. ನಿನ್ನ ತಮ್ಮಂಗೆ ಕಾಣದ್ದು ನಂಗೆ ಕಾಣತ್ತಾ’ ಅಂತ ನಕ್ಕೊಂಡು ಹೋದ್ರು.”

ಅಳತೆಗಾರನೂ ಗೋಡೆಗೆ ಆತುಕೊಂಡು ಕುಸಿದು ಕೂತ. ಭಾವ ತನ್ನ ಕಣ್ಣನ್ನು ನಂಬದೆ ಇವನ ನಕ್ಷೆಯನ್ನು ನಂಬಿ ಇಳಿದಿದ್ದ.

“ಇಷ್ಟು ದಿನ ಯಾಕೆ ಹೇಳ್ಲಿಲ್ಲ ಅಕ್ಕಾ?”

“ಹೇಳಿ ಏನು ಮಾಡ್ಲಿ? ಅವರಂತೂ ಹೋದ್ರು. ಗೊತ್ತಿಲ್ದೆ ಆದ ತಪ್ಪು, ನಿನ್ನ ಕಿವಿಗೆ ಬಿದ್ರೆ ನೀನು ಉಳಿಯಲ್ಲ ಅನ್ನಿಸ್ತು. ನನ್ನ ಜೊತೆಗೇ ಮಣ್ಣಾಗ್ಲಿ ಅಂತ ನುಂಗ್ಕೊಂಡೆ.”

ಅವನು ಬಿಕ್ಕಿ ಬಿಕ್ಕಿ ಅತ್ತ. ಅಕ್ಕ ಅವನ ತಲೆ ಸವರಿದಳು. ಇಪ್ಪತ್ತು ದಿನಗಳಲ್ಲಿ ಮೊದಲ ಬಾರಿಗೆ ಅವನಿಗೆ ಉಸಿರು ಪೂರ್ತಿ ಒಳಗೆ ಹೋಯಿತು. ಆಮೇಲೆ ಸವರುತ್ತಿದ್ದ ಕೈ ನಿಂತಿತು.

“ಹೌದು, ನಿಂಗೆ ಇದು ಯಾವತ್ತು ಗೊತ್ತಾಯ್ತು?”

ಸುಳ್ಳು ಹೇಳಬಹುದಿತ್ತು. ಇವತ್ತು ಬೆಳಿಗ್ಗೆ ಎಂದಿದ್ದರೆ ನಂಬುತ್ತಿದ್ದಳು.

“ಮಾರನೇ ದಿನಾನೇ” ಎಂದ.

ಅಕ್ಕ ಕೈ ತೆಗೆದಳು. ಸ್ವಲ್ಪ ಹೊತ್ತು ಬೆರಳು ಮಡಿಸುತ್ತಾ ದಿನಗಳನ್ನು ಎಣಿಸಿದಂತೆ ಕಂಡಿತು.

“ಅದಾದ ವಾರಕ್ಕೆ ನಿಮ್ಮ ಆಫೀಸಿನವರು ಇಲ್ಲಿಗೆ ಬಂದಿದ್ರು. ನಿನ್ನ ಗಂಡಂದೇ ತಪ್ಪು ಅಂತ ನನ್ನ ಮುಖದ ಮೇಲೇ ಹೇಳಿದ್ರು. ನೀನು ಆ ಕುರ್ಚಿಲಿ ಕೂತಿದ್ದೆ. ನಾನು ನಿನ್ನ ಮುಖ ನೋಡ್ದೆ, ನೀನಾದ್ರೂ ಏನಾದ್ರೂ ಅಂತೀಯ ಅಂತ. ಆಗ ನಿಂಗೆ ಗೊತ್ತಿತ್ತು.”

“ಹೂಂ.”

“ಅವರಿಗೆ ಕಾಫಿ ತಂದುಕೊಟ್ಟೆ ನೀನು.”

ಅಕ್ಕ ಎದ್ದು ಕೈ ತೊಳೆದಳು, ಒರೆಸಿದಳು. ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

“ನಾಳೆ ಹೋಗಿ ಅವರೆಲ್ಲರ ಮುಂದೆ ಹೇಳು.”

“ಹೇಳ್ತೀನಿ ಅಕ್ಕಾ. ಸಹಿಗೆ ಮುಂಚೆನೇ ಹೇಳ್ತೀನಿ. ಇಸ್ತ್ರಿ ಹಾಕದ ನಕ್ಷೆನೂ ತಗೊಂಡು ಹೋಗ್ತೀನಿ.” ಅವನು ಮೂಗು ಒರೆಸಿಕೊಂಡ. “ನೀನೂ ಬರ್ತೀಯಾ? ಎಂಟೂವರೆಗೆ ಬಂದು ಕರ್ಕೊಂಡು ಹೋಗ್ಲಾ?”

“ಬರ್ತೀನಿ. ಅವರ ಹೆಸರು ಸರಿಯಾಗೋದನ್ನ ನಾನು ನೋಡ್ಬೇಕು” ಎಂದಳು ಅಕ್ಕ. ಸ್ಪ್ಯಾನರನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. “ಆದ್ರೆ ನೀನು ಕರ್ಯೋಕೆ ಬರ್ಬೇಡ. ನಾನು ಬೇರೆ ಬಸ್ಸಲ್ಲಿ ಬರ್ತೀನಿ.”