ಕಾಟಾ ಎಲ್ಲೈತಿ?

"ಫ್ಯಾನ್ ಬೆಲ್ಟ್ ಹರಿದದ್ದು ನಿಪ್ಪಾಣಿ ದಾಟಿದ ಮ್ಯಾಲ ಅಂತ ಇಟ್ಕೋರಿ," ಎಂದು ಬಾಳಾಸಾಬ ಕೈಯಲ್ಲಿದ್ದ ಪಿಸ್ಟನ್ನನ್ನು ಗೋಣಿಚೀಲದ ಮೇಲಿಟ್ಟ. "ಅಲ್ಲಿಂದ ಇಲ್ಲೀತನಕ ಏನಿಲ್ಲಂದ್ರೂ ಎಂಟ್ಹತ್ತು ಕಿಲೋಮೀಟರ್. ಅಷ್ಟೂ ದೂರ ಇಂಜನ್ ಕಾಯ್ಕೋತ ಬಂದೈತಿ. ಕಾವಿನ ಮೀಟರ್ ನೋಡಲಿಲ್ಲೇನ್ರಿ ಅಣ್ಣಾರ?"

"ಮೀಟರ್ ಕೆಟ್ಟೈತಿ," ಎಂದ ಮಹಾದೇವ.

"ಯಾವಾಗಿಂದ?"

"ಆತು, ಒಂದಾರು ತಿಂಗಳು."

ಪಿಸ್ಟನ್ನಿನ ಒಂದು ಮಗ್ಗುಲು ಮೊಳೆಯಿಂದ ಗೀರಿದ ಹಾಗೆ ಮೇಲಿಂದ ಕೆಳಗಿನವರೆಗೆ ಕಿತ್ತುಹೋಗಿತ್ತು. ಬಾಳಾಸಾಬ ಅದನ್ನು ಉರುಳಿಸಿ ಇನ್ನೊಂದು ಮಗ್ಗುಲನ್ನೂ ತೋರಿಸಿದ. ಕೊಗನೊಳ್ಳಿಯಲ್ಲಿ ಹೆದ್ದಾರಿಯ ಪಕ್ಕ ತಗಡಿನ ಶೆಡ್ಡು ಹಾಕಿಕೊಂಡು ಇಪ್ಪತ್ತೆರಡು ವರ್ಷಗಳಿಂದ ಲಾರಿಗಳ ಹೊಟ್ಟೆ ಬಿಚ್ಚುತ್ತ ಬಂದ ಮಿಸ್ತ್ರಿ ಅವನು. ಡ್ರೈವರುಗಳು ಸುಳ್ಳು ಹೇಳುವುದು ಅವನಿಗೆ ಹೊಸದಲ್ಲ. ಆಯಿಲ್ ಮೊನ್ನೆ ಬದಲಿಸಿದ್ದೆ ಎನ್ನುವವರು, ಲೋಡು ಹೆಚ್ಚಿರಲೇ ಇಲ್ಲ ಎಂದು ತಾಯಿಯ ಆಣೆ ಹಾಕುವವರು, ಎಲ್ಲರನ್ನೂ ಕಂಡಿದ್ದ. ಆಣೆ ಹಾಕಿದವರ ಇಂಜನ್ನನ್ನೂ ಹಾಕದವರ ಇಂಜನ್ನನ್ನೂ ಒಂದೇ ಪಾನಾದಿಂದ ಬಿಚ್ಚುತ್ತಿದ್ದ.

ರಾಯಬಾಗದ ಮಹಾದೇವನ ಲಾರಿ ಮೂರು ದಿನಗಳ ಹಿಂದೆ ಬೆಲ್ಲದ ಪೆಂಟೆಗಳನ್ನು ಹೇರಿಕೊಂಡು ಕೊಲ್ಲಾಪುರಕ್ಕೆ ಹೊರಟಿದ್ದಾಗ ಈ ಶೆಡ್ಡಿನಿಂದ ಫರ್ಲಾಂಗು ದೂರದಲ್ಲಿ ನಿಂತುಬಿಟ್ಟಿತ್ತು. ಬೆಲ್ಲ ಬೇರೆ ಗಾಡಿ ಹತ್ತಿ ಹೋಯಿತು. ಲಾರಿಯನ್ನು ಕ್ರೇನು ಎಳೆದು ತಂದಿತು. ಲಾರಿ ಕೆಟ್ಟು ನಿಂತವನಿಗೆ ಬೇರೆ ಯಾವುದಕ್ಕೆ ಬರ ಬಂದರೂ ಸಲಹೆಗೆ ಬರ ಬರುವುದಿಲ್ಲ. ಮಹಾದೇವನಿಗೆ ಮೂರು ದಿನಗಳಿಂದ ಚಹಾದಂಗಡಿಯವನಿಂದ ಹಿಡಿದು ಬಸ್ಸಿನ ಕಂಡಕ್ಟರನವರೆಗೆ ಎಲ್ಲರೂ ಬುದ್ಧಿ ಹೇಳಿದ್ದರು.

"ಅರ್ಧಾ ಕೆಲಸ ನಡ್ಯೂದಿಲ್ರಿ. ಪೂರಾ ಇಂಜನ್ ಇಳಿಸಬೇಕು," ಎಂದ ಬಾಳಾಸಾಬ. "ಇಪ್ಪತ್ತು ದಿನ ಬೇಕು. ಮಾಡಿದ್ರ ಇನ್ನೂ ಎಂಟು ವರ್ಸ ಓಡತೈತಿ."

"ಮಾಮಾ, ಎಂಟು ವರ್ಸ ಅಂತಾನಲಾ, ನಂಬಬ್ಯಾಡ್ರಿ," ಎಂದು ನಕ್ಕವನು ಸಂಗ್ರಾಮ. ನಿಪ್ಪಾಣಿಯಲ್ಲಿ ಹಳೆಯ ಲಾರಿ ಕೊಂಡು ಮಾರುವವನು. ಯಾವುದಾದರೂ ಗಾಡಿ ಕ್ರೇನಿಗೆ ಬಿದ್ದರೆ ಅವನಿಗೆ ಅದು ಹೇಗೋ ತಿಳಿಯುತ್ತದೆ. ಸಹಿ ಹಾಕಿಸುವ ಕಾಗದಗಳನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟುಕೊಂಡು ಬೆಳಿಗ್ಗೆಯೇ ಬಂದು ಕೂತಿದ್ದ. "ಇದರ ಕತಿ ಸಂಪಲಿ, ಮುಗೀತು. ಇದನ್ನ ಹಿಂಗ ಇದ್ದಂಗ ನನಗ ಕೊಡ್ರಿ. ನಾಕು ವರ್ಸದ್ದೊಂದು ಗಾಡಿ ಐತಿ, ನೋಡ್ರಿ ಇಲ್ಲಿ." ಅವನು ಮೊಬೈಲನ್ನು ಮಹಾದೇವನ ಮುಖಕ್ಕೆ ಹಿಡಿದ. "ಮುಂದಿನ ಮೀಟರ್ ನೋಡ್ರಿ ಹ್ಯಾಂಗೈತಿ, ಟಿವಿ ಇದ್ದಂಗ. ಎಲ್ಲಾ ಬರದ ತೋರಸ್ತೈತಿ."

ಮಹಾದೇವ ಮೊಬೈಲಿನ ಕಡೆ ಮುಖ ಮಾಡಿ ಬೇಗನೆ ತಿರುಗಿಸಿಕೊಂಡ. "ಹುಣಸಿ ಮುಪ್ಪಾದ್ರ ಹುಳಿ ಮುಪ್ಪೇನೋ? ಬಾಳಾಸಾಬ, ಇಂಜನ್ ಇಳಸು."

ಅವನು ಹಟ ಹಿಡಿದದ್ದು ಲಾರಿಗಾಗಿ ಅಲ್ಲ. ಮಳೆಗಾಲದಲ್ಲಿ ಮಿರಜಿನ ಕಣ್ಣಿನ ಡಾಕ್ಟರು ಅವನ ಕಣ್ಣಿನೊಳಗೆ ಬೆಳಕು ಬಿಟ್ಟು ನೋಡಿ, ಸಕ್ಕರೆ ಕಾಯಿಲೆ ಹಿಂದಿನ ಪರದೆಯನ್ನು ತಿಂದಿದೆ, ಹೋದದ್ದು ಮರಳಿ ಬರುವುದಿಲ್ಲ, ಇನ್ನು ಲಾರಿ ಓಡಿಸಬೇಡಿ ಎಂದಿದ್ದರು. ಮಹಾದೇವ ಮನೆಗೆ ಬಂದು, ಕಣ್ಣಿಗೆ ಹನಿ ಕೊಟ್ಟಿದ್ದಾರೆ ಎಂದ. ಈ ಗಾಡಿಯ ಗೇರು, ಬ್ರೇಕು, ಗುಂಡಿ ಎಲ್ಲ ಹದಿನೆಂಟು ವರ್ಷಗಳಿಂದ ಅವನ ಕೈಕಾಲಿಗೆ ಗೊತ್ತಿದ್ದವು. ರಸ್ತೆ ಹೇಗೋ ಮಸುಕಾಗಿಯಾದರೂ ಕಾಣುತ್ತಿತ್ತು. ಹೊಸ ಗಾಡಿ ಬಂದರೆ ಮೊದಲ ದಿನವೇ ಗುಟ್ಟು ರಟ್ಟಾಗುತ್ತದೆ, ಆಮೇಲೆ ಹೆಂಡತಿಯ ಅಣ್ಣನ ಮಗ ವಿಕ್ರಾಂತ ಸ್ಟೇರಿಂಗ್ ಹಿಡಿಯುತ್ತಾನೆ, ತಾನು ಕಟ್ಟೆಯ ಮೇಲೆ ಕೂರುತ್ತೇನೆ ಎಂಬುದು ಅವನಿಗೆ ಸ್ಪಷ್ಟವಾಗಿ ಕಂಡಿತ್ತು. ಅದನ್ನು ಕಾಣಲು ಕಣ್ಣು ಬೇಕಾಗಿರಲಿಲ್ಲ.

ಹೆಂಡತಿ ಸುಜಾತಾಳೂ ಇಂದು ಜೊತೆಗೆ ಬಂದಿದ್ದಳು. ಗಾಡಿ ಅವಳ ಹೆಸರಿನಲ್ಲಿತ್ತು, ಮಾರುವುದಾದರೆ ಸಹಿ ಅವಳದೇ ಬೇಕು. ಹದಿನೆಂಟು ವರ್ಷದಲ್ಲಿ ಅವಳು ತನ್ನದೇ ಲಾರಿಯಲ್ಲಿ ಕೂತದ್ದು ನಾಲ್ಕು ಸಲ, ನಾಲ್ಕೂ ಸಲ ಚಿಂಚಲಿಯ ಮಾಯಕ್ಕನ ಗುಡಿಗೆ. ಗಂಡನ ಕಣ್ಣಿನ ಬಗ್ಗೆ ಅವಳಿಗೆ ಯಾರೂ ಹೇಳಿರಲಿಲ್ಲ, ಆದರೆ ಸಂಶಯ ಇತ್ತು. ದೀಪಾವಳಿಯ ಹೊತ್ತಿಗೆ ಯಾರದೋ ಲಗ್ನಪತ್ರಿಕೆ ಬಂದಾಗ ಅವನು, "ನೀನ ಓದು, ನನ್ನ ಚಸ್ಮಾ ಒಳಗೈತಿ" ಎಂದಿದ್ದ. ಚಸ್ಮಾ ಅವನ ಮೂಗಿನ ಮೇಲೆಯೇ ಇತ್ತು. ಆಗ ಅವಳು ನಕ್ಕುಬಿಟ್ಟಿದ್ದಳು. ಆಮೇಲೆ ನಗು ಬಂದಿರಲಿಲ್ಲ.

ಗಾಡಿ ಇಂದು ಹೋದರೂ ಹೋದೀತೆಂದು ಅವಳು ಈಗ ಕ್ಯಾಬಿನ್ನಿಗೆ ಹತ್ತಿ, ಮಾಯಕ್ಕನ ಫೋಟೋ, ಚಾದರ, ನೀರಿನ ಕ್ಯಾನು ಒಂದೊಂದನ್ನೇ ಚೀಲಕ್ಕೆ ತುಂಬುತ್ತಿದ್ದಳು.

"ಇಂಜನ್ ಇಳಸ್ತೀನಿ," ಎಂದ ಬಾಳಾಸಾಬ. "ಆದ್ರ ಮೀಟರಿಂದು ಮೊದಲ ಬಗೀಹರೀಲಿ. ಯಾಕ ಕಾಯ್ತು, ಕಾದದ್ದು ಯಾಕ ತಿಳೀಲಿಲ್ಲ ಅನ್ನೂದ ಗೊತ್ತಾಗದ ಕಟ್ಟಿದ್ರ ನಾಳೆ ಮತ್ತ ಹಿಂಗ ಆಗತೈತಿ. ಹೆಸರು ಕೆಡೂದು ನಂದು. ನೀವು ಮ್ಯಾಲ ಹತ್ತಿ ಚಾವಿ ತಿರುವ್ರಿ. ಮೀಟರಿನ ಈ ವಾಯರ್ ನಾ ಗಾಡಿ ತಗಡಿಗೆ ಹಚ್ಚತೀನಿ. ಮೀಟರ್ ಬರೋಬರ ಇದ್ರ ಕಾಟಾ ಸೀದಾ ಕೆಂಪಿಗೆ ಹೋಗತೈತಿ. ಕೆಟ್ಟಿದ್ರ ಅಲ್ಲಾಡೂದಿಲ್ಲ. ಏನಾತು ಅಷ್ಟ ಹೇಳ್ರಿ."

ಒಲ್ಲೆ ಎನ್ನಲು ಮಹಾದೇವನಿಗೆ ಕಾರಣವೇನೂ ಹೊಳೆಯಲಿಲ್ಲ. ಹತ್ತಿ ತನ್ನ ಸೀಟಿನಲ್ಲಿ ಕೂತು ಚಾವಿ ತಿರುವಿದ. ಪಕ್ಕದಲ್ಲಿ ಸುಜಾತಾ ಚಾದರ ಮಡಚುತ್ತಿದ್ದಳು. ಬಾನೆಟ್ಟಿನ ಆಚೆಯಿಂದ ಬಾಳಾಸಾಬನ ದನಿ ಬಂತು.

"ಹಚ್ಚಿದೆ ನೋಡ್ರಿ! ಕಾಟಾ ಎಲ್ಲೈತಿ?"

"ಕಾಟಾ ಉಗಾರ ಫ್ಯಾಕ್ಟರಿ ಗೇಟಿನ್ಯಾಗೈತಿ!" ಎಂದು ಮಹಾದೇವ ಕೂಗಿದ.

ಈ ಕಡೆ ಕಾಟಾ ಎಂದರೆ ಮೀಟರಿನ ಮುಳ್ಳೂ ಹೌದು, ಕಬ್ಬಿನ ಗಾಡಿ ತೂಗುವ ಕಾರ್ಖಾನೆಯ ತಕ್ಕಡಿಯೂ ಹೌದು. ಸಂಗ್ರಾಮ ಹೋ ಎಂದು ನಕ್ಕ. ಬಾಳಾಸಾಬನೂ ನಕ್ಕ. ಸುಜಾತಾ ನಗಲಿಲ್ಲ. ಮೂವತ್ತು ವರ್ಷ ಬಾಳುವೆ ಮಾಡಿದವಳಿಗೆ ಗಂಡ ಯಾವಾಗ ಚೇಷ್ಟೆಯ ಮಾತು ತೆಗೆಯುತ್ತಾನೆ ಎಂಬುದು ಗೊತ್ತಿರುತ್ತದೆ. ಸಿಕ್ಕಿಬಿದ್ದಾಗಲೆಲ್ಲ ಅವನು ಹೀಗೇ ನಗಿಸಿ ಪಾರಾಗುತ್ತಿದ್ದ. ಅವಳು ಚಾದರ ಬಿಟ್ಟು ಮೀಟರಿನ ಕಡೆ ಬಾಗಿದಳು.

ಗಾಜಿನ ಮೇಲೆಲ್ಲ ಭಂಡಾರ ಬಡಿದಿತ್ತು. ಪ್ರತಿ ಅಮಾವಾಸ್ಯೆಗೆ ಲಾರಿ ಮನೆಯ ಮುಂದೆ ನಿಂತಾಗ ಮಾಯಕ್ಕನ ಹೆಸರಿನಲ್ಲಿ ಈ ಅರಿಶಿನದ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ಸ್ಟೇರಿಂಗಿಗೆ, ಮೀಟರಿಗೆ, ಗಾಲಿಗೆ ಹಚ್ಚುವವಳು ಅವಳೇ. ಒರೆಸಬೇಕೆಂದು ಅವಳಿಗೆ ಹೊಳೆದಿರಲಿಲ್ಲ. ದೇವರ ಭಂಡಾರವನ್ನು ಯಾರಾದರೂ ಒರೆಸುತ್ತಾರೆಯೇ? ಆದರೂ ಆ ಹಳದಿಯ ಹಿಂದೆ ಮುಳ್ಳು ಎದ್ದು ಕೆಂಪು ಪಟ್ಟಿಗೆ ತಾಗಿ ನಿಂತದ್ದು ಅವಳಿಗೆ ಕಂಡಿತು.

"ಚಾಷ್ಟಿ ಸಾಕ್ರಿ ಅಣ್ಣಾರ, ಖರೇ ಹೇಳ್ರಿ!" ಎಂದ ಬಾಳಾಸಾಬ.

"ಅಲ್ಲಾಡವಲ್ದೋ," ಎಂದ ಮಹಾದೇವ. "ನಾ ಹೇಳಲಿಲ್ಲ? ಸತ್ತೈತಿ ಅದು."

ಸುಜಾತಾ ಅವನ ಮುಖ ನೋಡಿದಳು. ಅವನು ಮೀಟರನ್ನೇ ನೋಡುತ್ತಿದ್ದ. ತುಸು ಓರೆಯಾಗಿ, ಒಂದು ಕಣ್ಣನ್ನು ಸಣ್ಣದು ಮಾಡಿ, ಬಹಳ ಹೊತ್ತು ನೋಡಿದ. ಅವಳು ಸುಮ್ಮನಿದ್ದರೆ ಬಾಳಾಸಾಬ ಹೊಸ ಮೀಟರು ಹಾಕುತ್ತಿದ್ದ, ಇಪ್ಪತ್ತು ದಿನಕ್ಕೆ ಗಾಡಿ ಹೊರಬೀಳುತ್ತಿತ್ತು, ಇವನು ಮತ್ತೆ ಬೆಲ್ಲ ಹೇರಿಕೊಂಡು ಹೆದ್ದಾರಿಗೆ ಇಳಿಯುತ್ತಿದ್ದ. ಬಾಯಿಬಿಟ್ಟರೆ ಮಿಸ್ತ್ರಿಯ ಎದುರು, ಆ ಸಂಗ್ರಾಮನ ಎದುರು ಗಂಡನ ಮರ್ಯಾದೆ ಹೋಗುತ್ತಿತ್ತು.

"ತಡೀರಿ, ಭಂಡಾರ ಮೆತ್ತೈತಿ. ತಪ್ಪು ನಂದ," ಎಂದು ಅವಳು ಹೊರಗಿನವರಿಗೂ ಕೇಳುವಂತೆ ಹೇಳಿ ಸೆರಗಿನಿಂದ ಗಾಜನ್ನು ಒರೆಸಿದಳು. ಎರಡನೆಯ ಸಲ ಉಗುಳು ಹಚ್ಚಿ ಒರೆಸಿದಳು. ಗಾಜು ಲಕಲಕ ಹೊಳೆಯಿತು. ಮುಳ್ಳು, ಅಂಕಿ, ಕೆಂಪು ಪಟ್ಟಿ, ಎಲ್ಲ ಎದ್ದು ಕಾಣುವಂತಾದವು. "ಈಗ ನೋಡ್ರಿ," ಎಂದಳು ಮೆಲ್ಲಗೆ.

ಮಹಾದೇವ ನೋಡಿದ. ಮೂಗು ಸ್ಟೇರಿಂಗಿಗೆ ತಾಗುವಷ್ಟು ಬಾಗಿದ. ಕತ್ತನ್ನು ಎಡಕ್ಕೆ ವಾಲಿಸಿದ, ಬಲಕ್ಕೆ ವಾಲಿಸಿದ. ಹೊರಗೆ ಬಾಳಾಸಾಬ ವಾಯರು ಹಿಡಿದುಕೊಂಡೇ ನಿಂತಿದ್ದ.

"ಎಲ್ಲೈತಿ?" ಎಂದ ಮಹಾದೇವ.

ಇದು ಕೂಗಿ ಆಡಿದ ಮಾತಲ್ಲ. ಪಕ್ಕದಲ್ಲಿ ಕೂತವಳಿಗೆ ಮಾತ್ರ ಕೇಳಿಸಿತು.

"ಕೆಂಪಿನ್ಯಾಗೈತ್ರಿ," ಎಂದಳು ಸುಜಾತಾ.

"ಪೂರಾ?"

"ಪೂರಾ."

ಅವನು ಸೀಟಿಗೆ ಒರಗಿದ. ಆಮೇಲೆ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದ: "ಬಾಳಾಸಾಬ, ಕೆಂಪಿನ್ಯಾಗ ಐತಂತ!"

ಐತಿ ಎನ್ನಲಿಲ್ಲ, ಐತಂತ ಎಂದ. ಕಂಡವನು ಐತಿ ಎನ್ನುತ್ತಾನೆ, ಕೇಳಿದವನು ಐತಂತ ಎನ್ನುತ್ತಾನೆ. ಡ್ರೈವರನ ಸೀಟಿನಲ್ಲಿ ಕೂತವನು ಎದುರಿನ ಮೀಟರಿನ ಬಗ್ಗೆ ಹಾಗೆನ್ನುವುದನ್ನು ಬಾಳಾಸಾಬ ಇಪ್ಪತ್ತೆರಡು ವರ್ಷದಲ್ಲಿ ಕೇಳಿರಲಿಲ್ಲ. ವಾಯರನ್ನು ಬಿಡಿಸಿ, ಅದರ ತುದಿಗೆ ಟೇಪು ಸುತ್ತತೊಡಗಿದ. ಅದು ಅಷ್ಟು ಸುತ್ತುವ ಕೆಲಸವೇನೂ ಆಗಿರಲಿಲ್ಲ.

"ಅಂದ್ರ ಮೀಟರ್ ಚೊಲೊ ಐತಿ?" ಎಂದ ಸಂಗ್ರಾಮ. "ಮತ್ತ ಮಾಮಾ ಕೆಟ್ಟೈತಿ ಅಂತಿದ್ರಲಾ?"

"ಸಂಗ್ರಾಮ, ಹೋಗಿ ನಾಕು ಚಾ ಹೇಳು," ಎಂದ ಬಾಳಾಸಾಬ.

ಕ್ಯಾಬಿನ್ನಿನಲ್ಲಿ ಮಹಾದೇವ ಚಾವಿಯನ್ನು ತಿರುವಿ ಹೊರತೆಗೆದ.

"ಮಿರಜಿನ ಡಾಕ್ಟರ್ ಏನಂದಿದ್ರು?" ಎಂದು ಸುಜಾತಾ ಕೇಳಿದಳು.

"ಗಾಡಿ ಹೊಡ್ಯೂದು ಬಿಡ್ರಿ ಅಂದಿದ್ರು."

"ಮಳಿಗಾಲದಾಗ ಹೋಗಿದ್ರಿ ನೀವು. ಈಗ ಸಂಕ್ರಮಣ ಬಂತು." ಅವಳ ದನಿಯಲ್ಲಿದ್ದದ್ದು ಅಳು ಅಲ್ಲ, ಸಿಟ್ಟು. "ಅಷ್ಟೂ ದಿನ ದಾರೀ ಮ್ಯಾಲ ಮಂದಿ ಮಕ್ಕಳು ಅಡ್ಡಾಡತಿದ್ರಲ್ರೀ. ಸಾಲಿ ಹುಡುಗ್ರು ಸೈಕಲ್ ತಗೊಂಡು ಹೋಗತಿದ್ದವು. ಗೊತ್ತಿದ್ದೂ ಹೊಡದ್ರಿ?"

"ಹೊಡದೆ," ಎಂದ ಮಹಾದೇವ. "ಇದನ್ನ ಬಿಟ್ರ ನನಗ ಏನ ಬರತೈತಿ ಹೇಳು. ಇಪ್ಪತ್ತನೇ ವಯಸ್ಸಿನ್ಯಾಗ ಹತ್ತಿದಾವ. ಇಳದ ಮ್ಯಾಲ ಏನ ಮಾಡ್ಲಿ ನಾ?"

ಅವಳಿಗೆ ಅವನ ಮೇಲೆ ಸಿಟ್ಟೂ ಇತ್ತು, ಮರುಕವೂ ಇತ್ತು. ಚೀಲದ ಬಾಯಿಯನ್ನು ಬಿಗಿಯಾಗಿ ಕಟ್ಟಿದಳು.

ಚಹಾ ಬಂತು. ಮಹಾದೇವ ಕೆಳಗಿಳಿದು, ನಿಂತುಕೊಂಡೇ ಕುಡಿದ. ಸಂಗ್ರಾಮ ಪ್ಲಾಸ್ಟಿಕ್ ಚೀಲದಿಂದ ಕಾಗದ ತೆಗೆದು, ಪೆನ್ನನ್ನು ಸುಜಾತಾಳ ಕಡೆ ಚಾಚಿದ. "ಅತ್ತೀ, ಸೈ ಮಾಡ್ರಿ. ಸಂಜಿ ಹೊತ್ತಿಗೆ ಹೊಸ ಗಾಡಿ ನಿಮ್ಮ ಬಾಗಲಾಗ."

ಸುಜಾತಾ ಗಂಡನನ್ನು ನೋಡಿದಳು. ಪೆನ್ನು ಮುಟ್ಟಲಿಲ್ಲ.

"ಅದನ್ನ ಒಳಗ ಇಡೋ," ಎಂದ ಮಹಾದೇವ. "ಬಾಳಾಸಾಬ, ಇಂಜನ್ ಇಳಸು. ಲೈನರ್, ಪಿಸ್ಟನ್ ಎಲ್ಲಾ ಹೊಸಾವು ಹಾಕು. ಮೀಟರ್ ಮುಟ್ಟಬ್ಯಾಡ, ಚೊಲೊ ಐತಿ ಅದು."

ಬಾಳಾಸಾಬ ಲೋಟ ಕೆಳಗಿಟ್ಟ. ಕೆಲಸ ಅವನಿಗೇ ಸಿಗುತ್ತಿತ್ತು, ಆದರೂ ಕೇಳದೆ ಇರಲಾಗಲಿಲ್ಲ. "ಮಾಡ್ತೀನ್ರಿ ಅಣ್ಣಾರ. ಆಮ್ಯಾಲ ಇದನ್ನ ಹೊಡ್ಯಾವ್ರು ಯಾರು?"

"ವಿಕ್ರಾಂತ. ಊರಾಗ ಯಾರದೋ ಟ್ರ್ಯಾಕ್ಟರಿನ್ಯಾಗ ಕಬ್ಬು ಹೇರತಾನ. ಬಾ ಅಂದ್ರ ಬರತಾನ."

"ಹುಡುಗ ಹೊಡ್ಯಾವ ಇದ್ರ ಹೊಸಾದ ತಗೊಳ್ರಲಾ ಮಾಮಾ!" ಎಂದು ಸಂಗ್ರಾಮ ಮೇಲೆದ್ದ. "ಈ ಕೆಟ್ಟ ಗಾಡಿ ಯಾಕ?"

"ಗಾಡಿ ಕೆಟ್ಟಿಲ್ಲೋ," ಎಂದ ಮಹಾದೇವ. "ಪಾಪ, ಅದು ಎಂಟ್ಹತ್ತು ಕಿಲೋಮೀಟರ್ ಕೆಂಪು ತೋರಿಸ್ಕೋತ ಬಂದೈತಿ. ಕೆಡಿಸಿದಾವ ನಾ. ನನ್ನ ತಪ್ಪಿಗೆ ಅದನ್ನ್ಯಾಕ ಮಾರ್ಲಿ?"

ಸಂಗ್ರಾಮನಿಗೆ ಏನೂ ತಿಳಿಯಲಿಲ್ಲ. ತಿಳಿಸುವ ಗೋಜಿಗೆ ಯಾರೂ ಹೋಗಲಿಲ್ಲ. ಬಾಳಾಸಾಬ ಪಾನಾ ಹುಡುಕುತ್ತ ಶೆಡ್ಡಿನೊಳಗೆ ಹೋದ. ಮಹಾದೇವ ಚಾವಿಯನ್ನು ಗೋಣಿಚೀಲದ ಮೇಲೆ, ಆ ಕಿತ್ತುಹೋದ ಪಿಸ್ಟನ್ನಿನ ಪಕ್ಕ ಇಟ್ಟ.

ನಿಪ್ಪಾಣಿಯ ಬಸ್ಸು ನಿಲ್ಲುವುದು ಹೆದ್ದಾರಿಯ ಆಚೆ ಬದಿಗೆ. ಇಬ್ಬರೂ ರಸ್ತೆಯ ಅಂಚಿಗೆ ಬಂದರು. ಯಾವತ್ತೂ ಗಂಡನ ಹಿಂದೆ ನಾಲ್ಕು ಹೆಜ್ಜೆ ಬಿಟ್ಟು ನಡೆಯುವ ಸುಜಾತಾ ಅವನ ಬಲಕ್ಕೆ, ಗಾಡಿಗಳು ಬರುವ ಕಡೆಗೆ ನಿಂತಳು. ಒಂದು ಟೆಂಪೋ ಹೋಯಿತು, ಎರಡು ಕಾರು ಹೋದವು. ಆಮೇಲೆ ಬಹಳ ದೂರದಲ್ಲಿ ಒಂದು ಲಾರಿ ಕಾಣಿಸಿತು.

"ದೂರ ಐತಿ, ಬರ್ರಿ," ಎಂದಳು ಅವಳು.

ಮಹಾದೇವ ಎಡಬಲ ನೋಡದೆ ಅವಳೊಂದಿಗೆ ರಸ್ತೆಗಿಳಿದ.