ಎರಡರಿಂದ ಎಂಟು ಡಿಗ್ರಿ

ನನ್ನ ಗಂಡನ ಲೆಕ್ಕದಲ್ಲಿ ಪ್ರಪಂಚದಲ್ಲಿ ಇರುವುದು ಎರಡೇ ಬಗೆಯ ವಸ್ತುಗಳು: ತಂಪಾಗಿಟ್ಟದ್ದು, ಕೆಟ್ಟುಹೋದದ್ದು. ಅವನು ಲಸಿಕೆ ಉಗ್ರಾಣದ ಫ್ರಿಜ್ ಮೆಕ್ಯಾನಿಕ್. ಸೀಸೆಗಳು ಎರಡರಿಂದ ಎಂಟು ಡಿಗ್ರಿಯೊಳಗೆ ಇರಬೇಕು. ಒಂಬತ್ತಾದರೆ ಅವನಿಗೆ ಊಟ ಸೇರುವುದಿಲ್ಲ. ಬೀದಿಯವರು ಅವನಿಗೆ ಐಸ್ ಸಾಹೇಬ ಎಂದು ಹೆಸರಿಟ್ಟಿದ್ದರು. ಮಹಾಮಾರಿ ಬಂದು ಊರೆಲ್ಲ ಬಾಗಿಲು ಹಾಕಿಕೊಂಡ ಮೇಲಂತೂ ಸಾಹೇಬರ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಮದುವೆಯಾಗಿ ಆರು ವರ್ಷ, ಮಕ್ಕಳಿಲ್ಲ. ಈ ಆರು ವರ್ಷದಲ್ಲಿ ನನ್ನ ಹೊಟ್ಟೆಯೊಳಗೆ ಇಣುಕದ ಯಂತ್ರ ಉಳಿದಿಲ್ಲ. ರಕ್ತ ಕೊಟ್ಟೆ, ಗುಳಿಗೆ ನುಂಗಿದೆ, ಎರಡು ಸಲ ಹೊಟ್ಟೆಗೆ ತೂತು ಹಾಕಿಸಿಕೊಂಡೆ. ಎರಡನೇ ಸಲದ ನೋವು ಈಗಲೂ ಕೆಮ್ಮಿದಾಗ ಎದ್ದು ಬರುತ್ತದೆ. ನಮ್ಮ ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿದ್ದರು: "ನಿಮ್ಮ ಯಜಮಾನರ ವೀರ್ಯ ಪರೀಕ್ಷೆ ಆಗೋವರೆಗೂ ನಾನಿನ್ನು ಕತ್ತರಿ ಮುಟ್ಟಲ್ಲ." ಅವರು ಬರೆದುಕೊಟ್ಟ ಚೀಟಿ ಎಂಟು ತಿಂಗಳಿಂದ ಸ್ಪ್ಯಾನರ್ ಡಬ್ಬಿಯ ತಳದಲ್ಲಿ ತೆಪ್ಪಗೆ ಮಲಗಿತ್ತು. ಅತ್ತೆ ಮಾತ್ರ ಸುಮ್ಮನಿರಲಿಲ್ಲ. ಅಂಥ ಚೀಟಿಗೀಟಿ ಕೇಳದ ಇನ್ನೊಬ್ಬ ಡಾಕ್ಟರನ್ನು ಹುಡುಕಿ, ಶುಕ್ರವಾರಕ್ಕೆ ನನ್ನ ಮೂರನೇ ಆಪರೇಷನ್ ಗೊತ್ತುಮಾಡಿಯೇಬಿಟ್ಟರು. ಎರಡು ನೈಟಿ, ಒಂದು ಟವೆಲ್, ಒಂದು ಲೋಟ ಹಾಕಿ ಚೀಲ ಕಟ್ಟಿಟ್ಟೆ.

ಇವನ ನೆಪಗಳಿಗೇನು ಬರವೇ? ಮೊದಲು, ಲಾಕ್‌ಡೌನಲ್ಲಿ ಯಾವ ಲ್ಯಾಬ್ ತೆಗೆದಿರುತ್ತೆ ಎಂದ. ಲ್ಯಾಬ್ ತೆಗೆದಾಗ ಇವನಿಗೇ ರೋಗ ತಗುಲಿ ಐದು ದಿನ ಕೆಂಡದಂಥ ಜ್ವರ. ಎದ್ದ ಮೇಲೆ ಎರಡು ತಿಂಗಳು ನಿಶ್ಶಕ್ತಿ. ಆಮೇಲೆ ಲಸಿಕೆ ಬಂತು. ಸೂಜಿ ಚುಚ್ಚಿಸಿಕೊಂಡರೆ ಗಂಡಸುತನ ಹೋಗುತ್ತದೆಂದು ಉಗ್ರಾಣದ ಗಂಡಸರೆಲ್ಲ ಗುಸುಗುಸು. ಅದು ಇತ್ಯರ್ಥವಾಗಲಿ, ಆಮೇಲೆ ಪರೀಕ್ಷೆ ಎಂದ ಇವನು. ಹಗಲೆಲ್ಲ ಆ ಸೀಸೆಗಳನ್ನು ಕೂಸಿನ ಹಾಗೆ ಕಾಯುವವರು, ಸೂಜಿಯನ್ನು ತಮ್ಮ ತೋಳಿನ ಹತ್ತಿರ ತಂದರೆ ಮಾರು ದೂರ ಹಾರುತ್ತಿದ್ದರು.

"ಸೋಮವಾರ ಲ್ಯಾಬಿಗೆ ಬರ್ತೀರೋ, ಇಲ್ಲಾ ಶುಕ್ರವಾರ ಆಪರೇಷನ್ ಕೋಣೇಲಿ ನನ್ನ ಪಕ್ಕ ನಿಂತು ನೋಡ್ತೀರೋ?" ಎಂದು ಕೇಳಿದೆ.

ರಕ್ತ ಕಂಡರೆ ಕಣ್ಣು ಕತ್ತಲಿಡುವ ಮನುಷ್ಯ. ಸೋಮವಾರವನ್ನೇ ಆರಿಸಿಕೊಂಡ.

ಸೋಂಕಿನ ಭಯಕ್ಕೆ ಲ್ಯಾಬಿನವರು ಮಾದರಿ ಕೊಡುವ ಒಳಗಿನ ಕೋಣೆಗೆ ಬೀಗ ಹಾಕಿದ್ದರು. ಮನೆಯಲ್ಲೇ ಡಬ್ಬಿಗೆ ತೆಗೆದು, ಒಂದು ಗಂಟೆಯೊಳಗೆ ತಂದು ಕೊಡಬೇಕು. ಹೇಗೆ ತರಬೇಕೆಂದು ಒಂದು ಕಾಗದವನ್ನೂ ಕೊಟ್ಟಿದ್ದರು. ನಾನು ಓದಲು ಹೋದರೆ ಕಿತ್ತುಕೊಂಡ.

"ಹದಿನಾರು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ. ನಂಗೆ ಪಾಠ ಹೇಳ್ತೀಯಾ?"

ಸೋಮವಾರ ಬಚ್ಚಲುಮನೆಯಿಂದ ಹೊರಬಂದವನೇ ಡಬ್ಬಿಯನ್ನು ಲಸಿಕೆ ಪೆಟ್ಟಿಗೆಯೊಳಗಿಟ್ಟ. ನಾಲ್ಕು ಕಡೆ ನಾಲ್ಕು ಐಸ್ ಪೊಟ್ಟಣ, ನಡುವೆ ಥರ್ಮಾಮೀಟರು. "ನಾಲ್ಕು ಡಿಗ್ರಿ. ಬೊಂಬಾಟ್!" ಎಂದು ಮುಚ್ಚಳ ಹಾಕಿದ. ಮುಚ್ಚಳದ ಮೇಲೆ 'ಲಸಿಕೆ, ತುರ್ತು' ಎಂಬ ಕೆಂಪು ಚೀಟಿ. ನಾನು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಸ್ಕೂಟರಿನ ಹಿಂದೆ ಕೂತೆ. ಚೆಕ್‌ಪೋಸ್ಟಿನ ಪೇದೆ ಕೆಂಪು ಚೀಟಿ ಕಂಡವನೇ ಅಡ್ಡಗಂಬ ಎತ್ತಿ ಸೆಲ್ಯೂಟ್ ಹೊಡೆದ. ಸಾಲಿನಲ್ಲಿ ನಿಂತಿದ್ದ ಯಾರೋ ಚಪ್ಪಾಳೆ ತಟ್ಟಿದರು. ನನ್ನ ಗಂಡ ಎಡಗೈ ಎತ್ತಿ ನಮಸ್ಕಾರ ಸ್ವೀಕರಿಸಿದ. ನನಗೆ ಎಲ್ಲಿ ಮುಖ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಪುಣ್ಯಕ್ಕೆ ಮಾಸ್ಕ್ ಇತ್ತು.

ಲ್ಯಾಬಿನ ಹುಡುಗಿ ಮುಚ್ಚಳ ತೆಗೆದು ಹೌಹಾರಿದಳು. "ಅಯ್ಯೋ, ಯಾರ್ರೀ ಇದನ್ನ ಐಸಲ್ಲಿಟ್ಟಿದ್ದು? ಮೈಗೆ ಒತ್ಕೊಂಡು ಬೆಚ್ಚಗೆ ತನ್ನಿ ಅಂತ ಬರೆದಿತ್ತಲ್ಲ!" ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಂದು ವೀರ್ಯಾಣುವೂ ಮಿಸುಕುತ್ತಿರಲಿಲ್ಲ. "ಚಳಿಗೆ ಹೀಗಾಗಿರಬಹುದು. ಏನೂ ಹೇಳಕ್ಕಾಗಲ್ಲ. ಗುರುವಾರ ಇನ್ನೊಂದ್ ಸಲ ತನ್ನಿ."

ಮನೆಗೆ ಬಂದರೆ ಅತ್ತೆ ನಿರಾಳವಾಗಿ ಉಸಿರುಬಿಟ್ಟರು. "ನೋಡಿದ್ಯಾ, ನನ್ನ ಮಗನದ್ದು ಏನೂ ಇಲ್ಲ. ಎಲ್ಲಾ ಆ ಐಸಿಂದು!" ಮಗನೂ ತಲೆ ಆಡಿಸಿದ. ನನ್ನ ಹೊಟ್ಟೆ ಉರಿದುಹೋಯಿತು. ನನ್ನ ಮೇಲೆ ಆರು ವರ್ಷ ತಪ್ಪು ಹೊರಿಸಲು ಇವರಿಗೆ ಒಂದು ಚೂರು ಐಸೂ ಬೇಕಾಗಿರಲಿಲ್ಲ.

ಗುರುವಾರ ಡಬ್ಬಿಯನ್ನು ನಾನೇ ಅವನ ಅಂಗಿಯೊಳಗೆ, ಕಂಕುಳ ಸಂದಿಗೆ ಸಿಕ್ಕಿಸಿದೆ. ಪೆಟ್ಟಿಗೆಯಿಲ್ಲ, ಕೆಂಪು ಚೀಟಿಯಿಲ್ಲ. ಅದೇ ಪೇದೆ ಅಡ್ಡಗಂಬ ಇಳಿಸಿದ.

"ಏನ್ ಸಾಹೇಬ್ರೇ, ಇವತ್ತು ಪೆಟ್ಟಿಗೆ ಎಲ್ಲಿ? ಎಲ್ಲಿಗೆ ಹೊರಟ್ರಿ? ಕಾರಣ ಬರೀಬೇಕು."

ಆಗಲೇ ಅರ್ಧ ಗಂಟೆ ಕಳೆದಿತ್ತು. ಹಿಂದೆ ಹತ್ತು ಗಾಡಿ. ನನ್ನ ಗಂಡ ಕೈ ಅಲ್ಲಾಡಿಸದೆ, ಕತ್ತಷ್ಟೇ ತಿರುಗಿಸಿ ನನ್ನನ್ನು ನೋಡಿದ. ಆ ನೋಟ ನನಗೆ ಗೊತ್ತು. ಯಾವಾಗಲೂ ನಾನೇ ಹೇಳುತ್ತಿದ್ದೆ: ನನಗೆ ಹುಷಾರಿಲ್ಲ, ನನಗೆ ಹೊಟ್ಟೆನೋವು, ನನ್ನ ಪರೀಕ್ಷೆ. ಈ ಸಲ ಬಾಯಿಗೆ ಬೀಗ ಹಾಕಿಕೊಂಡೆ. ಅವನ ಹಣೆಯಲ್ಲಿ ಬೆವರು ಸಾಲಿಟ್ಟಿತು.

"ನನ್ನ... ನನ್ನದೇ ಪರೀಕ್ಷೆ ಸಾರ್," ಎಂದ.

"ಏನಂದ್ರಿ? ಮಾಸ್ಕಲ್ಲಿ ಕೇಳಿಸ್ತಿಲ್ಲ, ಜೋರಾಗಿ ಹೇಳ್ರಿ."

"ಮಕ್ಕಳಾಗಿಲ್ಲ ಸಾರ್! ನನ್ನ ವೀರ್ಯ ಪರೀಕ್ಷೆ! ಬಿಸಿ ಆರೋಗುತ್ತೆ, ಬಿಡಿ!"

ಹಿಂದೆ ಹಾರ್ನ್ ಹೊಡೆಯುತ್ತಿದ್ದವರು ಗಪ್‌ಚಿಪ್. ಪೇದೆ ಕಂಬ ಎತ್ತಿದ. ಆಮೇಲೆ ಸ್ಕೂಟರಿನ ಹತ್ತಿರ ಬಗ್ಗಿ, ತಗ್ಗಿದ ದನಿಯಲ್ಲಿ, "ಆ ಲ್ಯಾಬ್ ಎಲ್ಲಿ ಸಾಹೇಬ್ರೇ? ಎಷ್ಟು ಗಂಟೆಗೆ ತೆಗೀತಾರೆ?" ಎಂದ. ವಿಳಾಸವನ್ನು ರಿಜಿಸ್ಟರಿನಲ್ಲಿ ಬರೆದುಕೊಳ್ಳಲಿಲ್ಲ, ಅಂಗೈಯಲ್ಲಿ ಬರೆದುಕೊಂಡ.

ಸಂಜೆ ಡಾಕ್ಟರಮ್ಮ ವರದಿ ನೋಡಿದರು. ಬೆರಳಲ್ಲಿ ಎಣಿಸುವಷ್ಟಿವೆ, ಈಜುವವು ಇನ್ನೂ ಕಡಿಮೆ ಎಂದರು. ಪಕ್ಕದ ಕೋಣೆಯ ಗಂಡಸರ ಡಾಕ್ಟರು ಅವನನ್ನು ಮುಟ್ಟಿ ನೋಡಿ, ಬೀಜದ ಹತ್ತಿರ ರಕ್ತನಾಳ ಊದಿದೆ, ಸಣ್ಣ ಆಪರೇಷನ್ ಬೇಕಾಗಬಹುದು ಎಂದರು.

"ಲಸಿಕೆಯಿಂದ ಆಗಿರಬಹುದಾ ಸಾರ್?" ಎಂದು ಕೇಳಿದ ನನ್ನ ಗಂಡ.

"ಹಾಕಿಸ್ಕೊಂಡಿದೀರಾ?"

"ಇಲ್ಲ."

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ಆ ರೋಗದ ಜ್ವರದಿಂದ ಸ್ವಲ್ಪ ದಿನ ಕಡಿಮೆಯಾಗೋದುಂಟು. ಮೂರು ತಿಂಗಳು ಬಿಟ್ಟು ಮತ್ತೆ ನೋಡೋಣ. ಹೋಗ್ತಾ ಸೂಜಿ ಹಾಕಿಸ್ಕೊಂಡು ಹೋಗಿ."

ಮನೆಯ ಹೊಸ್ತಿಲಲ್ಲೇ ಅತ್ತೆ ಕೇಳಿದರು, "ನಾಳೆ ಎಷ್ಟು ಗಂಟೆಗೆ ಕರ್ಕೊಂಡು ಹೋಗ್ಬೇಕು ಇವಳನ್ನ?"

"ನಾಳೆ ಇಲ್ಲಮ್ಮ. ತೊಂದರೆ ಇರೋದು ನನಗೆ."

ಅತ್ತೆ ಅವಸರದಲ್ಲಿ ಬಾಗಿಲು ಮುಚ್ಚಿದರು. "ಮೆಲ್ಲಗೆ ಹೇಳೋ! ಇಷ್ಟು ವರ್ಷ ಇವಳ ಹೆಸರಲ್ಲೇ ಇತ್ತಲ್ಲ, ಇನ್ನೂ ಹಾಗೇ ಇದ್ರೆ ಯಾರಿಗೇನು ನಷ್ಟ?"

"ಆಗಲ್ಲಮ್ಮ. ಚೆಕ್‌ಪೋಸ್ಟಲ್ಲಿ ಹತ್ತು ಜನರ ಮುಂದೆ ಕೂಗಿ ಹೇಳಿಬಂದಿದೀನಿ."

ನನಗೆ ಅಳು ಬಂತು. ಆರು ವರ್ಷಕ್ಕೆ ಇಷ್ಟೇ ಸಿಕ್ಕಿತಲ್ಲ, ಇಷ್ಟಕ್ಕೇ ಸಂತೋಷವಾಯಿತಲ್ಲ ಎಂದು ನನ್ನ ಮೇಲೇ ಸಿಟ್ಟೂ ಬಂತು. ಒಳಗೆ ಹೋಗಿ ಚೀಲ ಬಿಚ್ಚಿದೆ. ನನ್ನ ಎರಡು ನೈಟಿ ತೆಗೆದು ಬೀರುವಿನಲ್ಲಿಟ್ಟು, ಅವನ ಎರಡು ಪೈಜಾಮ ಮಡಿಸಿ ಒಳಗೆ ಹಾಕಿದೆ. ಟವೆಲ್, ಲೋಟ ಅಲ್ಲೇ ಇರಲೆಂದು ಬಿಟ್ಟೆ.